ಆಚಾರಿಯ ಹಲ್ಲಿಗೆ ಸಿಗದ ಕವಚ

ನಂಜುಂಡಾಚಾರಿಯವರ ಮೇಲ್ದವಡೆಯ ಮುಂದಿನ ಹಲ್ಲು ಹೋದದ್ದರ ನಷ್ಟವನ್ನು ಹೊತ್ತವರು ನಂಜುಂಡಾಚಾರಿ ಮತ್ತು ಅವರ ಮನೆಯವರು ಮಾತ್ರ. ಆ ಹಲ್ಲಿಗೆ ಲೋಹದ ಕವಚ ಅನಗತ್ಯವೆಂದು ತೀರ್ಮಾನಿಸಿದ ಮೇಲಧಿಕಾರಿಗೆ ಮುಂದೆ ಬಡ್ತಿ ಬಂತು. ಹಲ್ಲು ಕಿತ್ತು ಹಾಕೋಣವೆಂದು ಸಲಹೆ ಕೊಟ್ಟ ಮೈಸೂರಿನ ಖಾಸಗಿ ವೈದ್ಯರ ಕುರ್ಚಿ ಖಾಲಿ ಬೀಳಲಿಲ್ಲ. ನನ್ನ ಸಂಬಳವೂ ನಿಲ್ಲಲಿಲ್ಲ. ಕೆಲಸ ನಿಂತದ್ದು ಆಚಾರಿಯವರದು.

1994ರಲ್ಲಿ ನಾನು ಸರ್ಕಾರಿ ದಂತವೈದ್ಯೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ಕಡೆ ವಾರದಲ್ಲಿ ಸರದಿಯಂತೆ ಕೂರಬೇಕಿತ್ತು. ಇಲ್ಲಿ ಹೇಳುವ ಘಟನೆ ಯಾವ ಕಟ್ಟಡದಲ್ಲಿ ನಡೆಯಿತೆಂದು ಬರೆಯುವುದಿಲ್ಲ. ಒಂದು ಆಸ್ಪತ್ರೆಯ ಹೆಸರು ಹಿಡಿದು ದೂರಿದರೆ ಅದು ಆ ಆಸ್ಪತ್ರೆಯದಷ್ಟೇ ತಪ್ಪು ಎಂದು ಓದುಗರು ತಿಳಿದುಕೊಳ್ಳುತ್ತಾರೆ. ನನಗೆ ಸರಬರಾಜಾಗುತ್ತಿದ್ದುದು ಹಲ್ಲು ಕೀಳುವ ಇಕ್ಕಳಗಳು, ಅರಿವಳಿಕೆಯ ಚುಚ್ಚುಮದ್ದು, ಹುಳುಕು ತುಂಬಲು ಒಂದಿಷ್ಟು ಬೆಳ್ಳಿಯ ಮಿಶ್ರಣ. ತಿಂಗಳ ಪರಿಶೀಲನಾ ಸಭೆಯಲ್ಲಿ ನನ್ನ ಸರದಿ ಬಂದಾಗ ಕೇಳುತ್ತಿದ್ದ ಪ್ರಶ್ನೆಯೂ ಅದಕ್ಕೆ ತಕ್ಕಂತೆಯೇ ಇತ್ತು: "ಎಷ್ಟು ಕಿತ್ತಿರಿ?" ಎಷ್ಟು ಉಳಿಸಿದಿರಿ ಎಂದು ಯಾರೂ ಕೇಳಲಿಲ್ಲ. ಒಂದು ವೈದ್ಯಕೀಯ ವಿಭಾಗದ ಯೋಗ್ಯತೆಯನ್ನು ಅದು ಕಳೆದ ಅಂಗಗಳಿಂದ ಅಳೆಯುವುದು ತಪ್ಪು. ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ನಂಜುಂಡಾಚಾರಿಯವರು ಹೊಸಹೊಳಲಿನ ಅಕ್ಕಸಾಲಿಗರು. ಆಗ ನಲವತ್ತರ ಆಸುಪಾಸಿನ ವಯಸ್ಸು. ಸುತ್ತಿನ ಹಳ್ಳಿಗಳ ಒಕ್ಕಲು ಮನೆಗಳಿಗೆ ತಾಳಿ ಮಾಡಿಕೊಡುವುದು ಅವರ ಮನೆತನದ ಕೆಲಸ. ಆ ಮನೆಗಳಲ್ಲಿ ತಾಳಿಯನ್ನು ಅಂಗಡಿಯಿಂದ ಸಿದ್ಧವಾಗಿ ತರುತ್ತಿರಲಿಲ್ಲ. ಒಳ್ಳೆಯ ದಿನ ನೋಡಿ, ವೀಳ್ಯದೆಲೆ ಅಡಿಕೆಯೊಡನೆ ಚಿನ್ನವನ್ನು ಆಚಾರಿಯ ಕೈಗಿಟ್ಟು, ಹಿರಿಯರು ಎದುರು ಕುಳಿತು, ತಾಳಿಯ ಕೊಂಡಿಗೆ ಬೆಸುಗೆ ಬೀಳುವುದನ್ನು ಕಣ್ಣಾರೆ ನೋಡಿಕೊಂಡು ಹೋಗುತ್ತಿದ್ದರು. ಬೆಸುಗೆ ಹಾಕಲು ಆಚಾರಿ ದೀಪದ ಉರಿಯನ್ನು ಹಿತ್ತಾಳೆಯ ಊದುಗೊಳವೆಯಿಂದ ಚಿನ್ನದ ಮೇಲೆ ಹಾಯಿಸಬೇಕು. ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಒಡವೆಯಿಟ್ಟ ಇದ್ದಿಲ ತುಂಡು. ಕೊಳವೆ ಹಿಡಿಯಲು ಮೂರನೆಯ ಕೈ ಇಲ್ಲದ ಕಾರಣ ಅದನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿಯುತ್ತಾರೆ. ಚಿಕ್ಕಂದಿನಿಂದ ಹಾಗೆ ಕಚ್ಚಿ ಕಚ್ಚಿ ಆಚಾರಿಯವರ ಮೇಲಿನ ಹಲ್ಲಿನ ಅಂಚಿನಲ್ಲಿ ಕೊಳವೆ ಕೂರುವಷ್ಟು ಕಚ್ಚು ಬಿದ್ದಿತ್ತು. ಒಂದು ದಿನ ಆ ಕಚ್ಚಿನಿಂದಲೇ ಹಲ್ಲು ಸೀಳಿ, ಮೂಲೆ ಮುರಿದು, ಕೆಲವು ವಾರಗಳಲ್ಲಿ ಮೇಲ್ತುಟಿ ಊದಿಕೊಂಡಿತು. ಆಗ ಅವರು ನನ್ನ ಬಳಿ ಬಂದರು.

"ಕಿತ್ತಾಕ್ಬುಡಿ ಡಾಕ್ಟ್ರಮ್ಮ. ಮೂರ್ ದಿನದಿಂದ ಕಣ್ ಮುಚ್ಚಿಲ್ಲ."

"ಕಿತ್ತರೆ ಕೊಳವೆಯನ್ನು ಎಲ್ಲಿ ಕಚ್ಚುತ್ತೀರಿ ಆಚಾರ್ರೇ?"

ಅವರ ಕೈ ತಾನಾಗಿ ಕೆನ್ನೆಯಿಂದ ಬಾಯಿಯ ಮುಂದಕ್ಕೆ ಬಂದು, ಇಲ್ಲದ ಕೊಳವೆಯನ್ನು ಹಿಡಿದು ನೋಡಿತು. "ಅಂಗಾರೆ ಬ್ಯಾಡಿ," ಎಂದರು. "ನೋವ್ ಮಾತ್ರ ಕೀಳಿ."

ನೋವು ಮಾತ್ರ ಕೀಳುವ ಚಿಕಿತ್ಸೆ ಇದೆ, ಅದರ ಹೆಸರು ರೂಟ್ ಕೆನಾಲ್. ಹಲ್ಲು ಹೊರಗೆ ಗಟ್ಟಿಯಾಗಿ ಕಂಡರೂ ಅದರ ನಡುವೆ ನರ ಮತ್ತು ರಕ್ತನಾಳಗಳಿರುವ ಮೆತ್ತನೆಯ ತಿರುಳು ಇರುತ್ತದೆ. ಆ ತಿರುಳಿಗೆ ಸೋಂಕು ತಗುಲಿದರೆ ಅದನ್ನು ತೆಗೆದು, ಬೇರಿನೊಳಗಿನ ಸಣ್ಣ ನಾಳವನ್ನು ತೊಳೆದು, ತುಂಬಿ, ಮುಚ್ಚಬೇಕು. ಇದಕ್ಕೆ ಬೇಕಾದ ಸೂಜಿಯಂಥ ಉಪಕರಣಗಳನ್ನು ಇಲಾಖೆ ಕೊಟ್ಟಿರಲಿಲ್ಲ. ನನ್ನವನ್ನು ಬಳಸಿದೆ. ಹಲವು ಭೇಟಿಗಳ ನಂತರ ಬಾವು ಇಳಿಯಿತು, ಮುರಿದ ಮೂಲೆಯನ್ನು ತುಂಬಿದೆ, ಹಲ್ಲು ಉಳಿಯಿತು.

ಆದರೆ ಕೆಲಸ ಮುಗಿದಿರಲಿಲ್ಲ. ಸಾಮಾನ್ಯ ಓದುಗರಿಗೆ ಮಾತ್ರವಲ್ಲ, ನನ್ನ ಮೇಲಧಿಕಾರಿಗಳಿಗೂ ಅರ್ಥವಾಗದಿದ್ದ ಸಂಗತಿ ಇದು. ಹುಳುಕು ಅಥವಾ ಮುರಿತ ಹಲ್ಲಿನ ಒಂದಷ್ಟು ಗೋಡೆಯನ್ನು ತಿಂದಿರುತ್ತದೆ, ಒಳಗೆ ದಾರಿ ಮಾಡಿಕೊಳ್ಳಲು ನಾವು ಇನ್ನಷ್ಟು ಕೊರೆದಿರುತ್ತೇವೆ. ಉಳಿದ ತೆಳು ಗೋಡೆಗಳ ಮೇಲೆ ಕಚ್ಚುವ ಭಾರ ಬಿದ್ದಾಗ ಹಲ್ಲು ಸೀಳುತ್ತದೆ. ಪಾಂಡವಪುರದ ಕಡೆಯಿಂದ ಬರುತ್ತಿದ್ದ ಎಷ್ಟೋ ಜನ ಬೇರೆಡೆ ರೂಟ್ ಕೆನಾಲ್ ಮಾಡಿಸಿಕೊಂಡು, ನೋವು ಹೋಯಿತೆಂದು ಕಬ್ಬಿನ ಜಲ್ಲೆಯನ್ನು ಎಂದಿನಂತೆ ಹಲ್ಲಿನಿಂದ ಸಿಗಿದು, ದವಡೆ ಹಲ್ಲನ್ನು ಎರಡು ಹೋಳು ಮಾಡಿಕೊಂಡು ಬಂದವರು. ಇದನ್ನು ತಡೆಯುವುದು ಕ್ರೌನ್, ಜನ ಕ್ಯಾಪ್ ಎನ್ನುವುದು. ಹಲ್ಲನ್ನು ಸುತ್ತಲೂ ಸ್ವಲ್ಪ ತೇಯ್ದು, ಅದರ ಅಚ್ಚು ತೆಗೆದು, ಆ ಅಚ್ಚಿಗೆ ಸರಿಯಾಗಿ ಲೋಹದಲ್ಲೋ ಪಿಂಗಾಣಿಯಲ್ಲೋ ಕವಚ ಎರಕ ಹೊಯ್ಸಿ, ಸಿಮೆಂಟಿನಿಂದ ಕೂರಿಸುತ್ತೇವೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಬಿಗಿದ ಹಾಗೆ ಅದು ಹಲ್ಲಿನ ಗೋಡೆಗಳನ್ನು ಸುತ್ತುವರಿದು ಹಿಡಿಯುತ್ತದೆ, ಭಾರ ಒಂದೇ ಕಡೆ ಬೀಳದಂತೆ ಹಂಚುತ್ತದೆ. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಸಡಿನ ಬಳಿ ಕವಚದ ಅಂಚು ಹಲ್ಲಿಗೆ ಕೂಡುವ ಜಾಗ. ಅಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಎಂಜಲು ಒಳಗಿಳಿದು, ಕವಚದ ಕೆಳಗೇ ಹಲ್ಲು ಕೊಳೆಯುತ್ತದೆ.

ಆಚಾರಿಯವರ ಹಲ್ಲಿಗೆ ನಾನೇ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಕ್ಯಾಪ್ ಮಾಡಿ ಕೂರಿಸಿದೆ. ಹಿತ್ತಾಳೆಯ ಕೊಳವೆಗೆ ಅದು ತಾಳುವಂಥದ್ದಲ್ಲ. ಎರಡು ಸಲ ಕಳಚಿ ಬಂತು. ಕೆಲವು ದಿನ ಕೊಳವೆಯನ್ನು ತುಟಿಯಲ್ಲೇ ಹಿಡಿಯಿರಿ ಎಂದೆ. "ತುಟೀಲಿ ಇಡ್ದ್ರೆ ಉರಿ ಕುಣೀತದೆ ಕಣವ್ವ. ಕುಣಿಯೋ ಉರೀಲಿ ತಾಳಿ ಕೊಂಡಿ ಬೆಸೆಯಕಾಯ್ತದಾ?" ಎಂದರು.

ಕ್ರೌನಿಗಾಗಿ ಇಂಡೆಂಟ್ ಹಾಕಿದೆ, ಅಂದರೆ ಬೇಕಾದ ಸಾಮಗ್ರಿಗೆ ಬೇಡಿಕೆ ಸಲ್ಲಿಸಿದೆ. ಉತ್ತರ ಬರಲಿಲ್ಲ. ಪರಿಶೀಲನಾ ಸಭೆಯಲ್ಲಿ ನಾನೇ ಎದ್ದು ನಿಂತು ಕೇಳಿದೆ.

ಮೇಲಧಿಕಾರಿಗಳು ಕನ್ನಡಕ ಕೆಳಗಿಳಿಸಿ ನೋಡಿದರು. "ಕ್ರೌನ್ ಸೌಂದರ್ಯ ಚಿಕಿತ್ಸೆಯಲ್ಲಿ ಬರುತ್ತೆ ಮೇಡಂ. ನಮ್ಮ ಲಿಸ್ಟಿನಲ್ಲಿ ಇಲ್ಲ. ಆ ಆಚಾರಿ ಏನು ಸಿನಿಮಾದಲ್ಲಿ ಪಾರ್ಟು ಮಾಡ್ತಾನಾ?"

ಕೆಲವರು ನಕ್ಕರು. ನಾನು ನಗಲಿಲ್ಲ. "ಸಾರ್, ಆತ ಅದೇ ಹಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಕ್ರೌನ್ ಹಾಕದಿದ್ದರೆ ನಾನು ಮಾಡಿದ ಚಿಕಿತ್ಸೆ ವ್ಯರ್ಥ. ಸೂರು ಹಾಕದೆ ಗೋಡೆ ಕಟ್ಟಿದ ಹಾಗೆ."

"ಅಷ್ಟು ಕಷ್ಟವಾದರೆ ಕಿತ್ತುಬಿಡಿ. ಕೀಳೋಕೆ ನಿಮಗೆ ಯಾರ ಪರ್ಮಿಷನ್ನೂ ಬೇಡ."

ಈ ಕೊನೆಯ ವಾಕ್ಯ ಆ ವ್ಯವಸ್ಥೆಯನ್ನು ಪೂರ್ತಿಯಾಗಿ ವಿವರಿಸುತ್ತದೆ. ಹಲ್ಲನ್ನು ಕಳೆಯಲು ಅನುಮತಿ ಬೇಡ, ಉಳಿಸಲು ಬೇಕು. ಆ ಸಭೆಯಲ್ಲಿ ನಕ್ಕ ವೈದ್ಯರಿಗೂ ಇದು ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೂ ನಕ್ಕದ್ದನ್ನು ನಾನು ತಪ್ಪುಗಳ ಸಾಲಿಗೇ ಸೇರಿಸುತ್ತೇನೆ.

ಆಚಾರಿಯವರಿಗೆ ವಿಷಯ ತಿಳಿಸಿದಾಗ ಅವರು ಮರುವಾರವೇ ಪೊಟ್ಟಣವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಬಿಚ್ಚಿದರೆ ಒಂದು ಚೂರು ಚಿನ್ನ.

"ಸರ್ಕಾರ ಕೊಡದಿದ್ರೆ ಬುಡ್ಲಿ. ಚಿನ್ನ ನಂದೇ. ನೀವು ಮೈಸೂರಲ್ಲಿ ಎರಕ ಉಯ್ಸಿ ಕೂರ್ಸ್ಕೊಡಿ."

ಹಲ್ಲಿನ ಕ್ರೌನಿಗೆ ಬಳಸುವುದು ಅಪ್ಪಟ ಚಿನ್ನವಲ್ಲ, ಅದಕ್ಕೆ ಬೇರೆ ಲೋಹ ಬೆರೆಸಿ ಗಟ್ಟಿ ಮಾಡಿರುತ್ತಾರೆ ಎಂದು ನಾನು ವಿವರಿಸುವ ಮೊದಲೇ ಅವರು ನಕ್ಕರು. "ಅದ್ನ ನನ್ಗೇಳ್ಕೊಡ್ತೀರಾ?" ಮೈಸೂರಿನ ಲ್ಯಾಬ್ ಎರಕ ಹೊಯ್ಯುತ್ತಿತ್ತು. ಅಚ್ಚನ್ನು ಬಸ್ಸಿನಲ್ಲಿ ಕಳಿಸಬಹುದಿತ್ತು. ಎಲ್ಲವೂ ಸುಲಭವಿತ್ತು. ಆದರೂ ಮೇಲಧಿಕಾರಿಗಳನ್ನು ಕೇಳಿಯೇ ಮುಂದುವರಿಯೋಣವೆಂದು ದೂರವಾಣಿ ಮಾಡಿದೆ. ಅವರು ಗಾಬರಿಯಾದರು.

"ರೋಗಿ ಕೈಯಿಂದ ಚಿನ್ನ ತಗೋತೀರಾ? ಲಂಚ ಅಂತ ಹಿಡೀತಾರೆ ಮೇಡಂ! ನೀವೂ ಹೋಗ್ತೀರಿ, ನಾನೂ ಹೋಗ್ತೀನಿ. ಮೊದಲು ಅದನ್ನ ವಾಪಸ್ ಕೊಡಿ."

ರೋಗಿಯ ಚಿನ್ನ ರೋಗಿಯ ಬಾಯಿಗೇ ಹೋಗುತ್ತದೆ, ಇದರಲ್ಲಿ ಲಂಚ ಎಲ್ಲಿದೆ ಎಂದು ಕೇಳಿದೆ. ರಸೀದಿ ಕೊಡುತ್ತೇನೆ, ಸಾಕ್ಷಿ ಇಡುತ್ತೇನೆ ಎಂದೆ. ಅಂಥ ರಸೀದಿಗೆ ನಮೂನೆಯೇ ಇಲ್ಲವೆಂಬ ಉತ್ತರ ಬಂತು. ಪೊಟ್ಟಣವನ್ನು ಹಿಂದಿರುಗಿಸಿದೆ. ಆಚಾರಿಯವರು ಅದನ್ನು ಜೇಬಿಗೆ ಹಾಕಿಕೊಂಡ ಬಗೆ ನನಗೆ ನೆನಪಿದೆ. ಯಾರದೋ ಮನೆಗೆ ಒಯ್ದ ಉಡುಗೊರೆಯನ್ನು ಆ ಮನೆಯವರು ಬೇಡವೆಂದು ತಿರುಗಿಸಿದಂತೆ ಅವರ ಮುಖ ಚಿಕ್ಕದಾಯಿತು.

ಮೈಸೂರಿನ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ಚೀಟಿ ಬರೆದುಕೊಟ್ಟೆ. ಅಲ್ಲಿನ ವೈದ್ಯರು ನಾನು ಉಳಿಸಿದ್ದ ಹಲ್ಲನ್ನು ಕಿತ್ತು, ಅದರ ಎರಡೂ ಪಕ್ಕದ ಗಟ್ಟಿ ಹಲ್ಲುಗಳನ್ನು ತೇಯ್ದು, ಮೂರು ಹಲ್ಲಿನ ಸೇತುವೆ ಕಟ್ಟೋಣವೆಂದರಂತೆ. ಒಂದು ಕವಚ ಸಾಕಾಗಿದ್ದ ಕಡೆ ಮೂರರ ಕೆಲಸ. ಬೇರು ಗಟ್ಟಿಯಾಗಿರುವ ಹಲ್ಲನ್ನು ಕೀಳುವುದೂ, ಆರೋಗ್ಯವಂತ ಹಲ್ಲುಗಳನ್ನು ಅಕಾರಣವಾಗಿ ತೇಯುವುದೂ ವೈದ್ಯಧರ್ಮಕ್ಕೆ ವಿರುದ್ಧ. ಆಚಾರಿಯವರು ಕುರ್ಚಿಯಿಂದ ಎದ್ದು ಬಂದುಬಿಟ್ಟರು. "ಒಂದ್ ಕೊಂಡಿ ಮುರುದ್ರೆ ಇಡೀ ಸರ ಕರುಗ್ಸೋ ಆಚಾರಿನಾ ಅವ್ನು?" ಎಂದು ನನ್ನ ಮುಂದೆ ಬೈದರು. ಅಷ್ಟರಲ್ಲಿ ವೈಶಾಖದ ಮದುವೆಗಳು ಹತ್ತಿರ ಬಂದಿದ್ದವು. ಇನ್ನೊಬ್ಬ ವೈದ್ಯರಿಗೆ ಚೀಟಿ ಬರೆದೆ. ಆಚಾರಿಯವರು ಅಲ್ಲಿಗೆ ಹೋಗಲಿಲ್ಲ, ನನ್ನಲ್ಲಿಗೂ ಬರಲಿಲ್ಲ.

ಆ ಬೇಸಿಗೆಯಲ್ಲಿ ಶಾಲಾ ಶಿಕ್ಷಕರ ಸಭೆಯೊಂದಕ್ಕೆಂದು ಹೊಸಹೊಳಲಿಗೆ ಹೋದವಳು ಆಚಾರಿಯವರ ಮನೆ ಹುಡುಕಿಕೊಂಡು ಹೋದೆ. ಜಗುಲಿಯ ಮೇಲೆ ಕೆಲಸ ನಡೆದಿತ್ತು. ಎದುರಿಗೆ ಬೋರೇಗೌಡರೆಂಬ ರೈತರು, ಆಚಾರಿಯ ಓರಗೆಯವರು, ಮಗನ ಮದುವೆಯ ತಾಳಿಗಾಗಿ ಕುಳಿತಿದ್ದರು. ಆಚಾರಿಯವರು ತಲೆಯೆತ್ತಿ ನಕ್ಕರು. ಮೇಲಿನ ಹಲ್ಲು ಹಳದಿಯಾಗಿ ಥಳಥಳಿಸಿತು.

"ನೋಡುದ್ರಾ ಡಾಕ್ಟ್ರಮ್ಮ ಇವ್ನ ದವಲತ್ತ?" ಎಂದರು ಬೋರೇಗೌಡರು. "ಲೇ ಆಚಾರಿ, ನಮ್ ತಾಳಿ ಚಿನ್ನ ತೂಗುವಾಗ ಬಾಯ್ ಮುಚ್ಕೊಂಡ್ ತೂಗ್ಲಾ. ಯಾವ್ದು ನಂದು, ಯಾವ್ದು ನಿಂದು ಗೊತ್ತಾಗಕಿಲ್ಲ!"

"ಬಾಯ್ ಮುಚ್ಚೋದ್ ನೀನ್ ಮೊದ್ಲು ಕಲಿ ಕಣ್ಲಾ," ಎಂದರು ಆಚಾರಿ.

ನಾನು ಕುಕ್ಕರಗಾಲಲ್ಲಿ ಕೂತು ಅವರ ಬಾಯಿ ತೆರೆಸಿ ನೋಡಿದೆ. ತಾವೇ ತಗಡು ಬಡಿದು, ಮಡಿಚಿ, ಬೆಸೆದು ಮಾಡಿದ ಚಿನ್ನದ ಕವಚ. ಹೊರಗಿನಿಂದ ನೋಡಲು ಕುಂದು ಹೇಳುವಂತಿರಲಿಲ್ಲ. ಒಸಡಿನ ಬಳಿ ನನ್ನ ಉಗುರೇ ಅಂಚಿಗೆ ಸಿಕ್ಕಿಕೊಂಡಿತು. ಯಾವುದರಿಂದ ಅಂಟಿಸಿದಿರಿ ಎಂದು ಕೇಳಿದೆ.

"ಅರಗು."

ಓಲೆ, ಗುಂಡು, ಬಳೆ ಇಂಥ ಟೊಳ್ಳು ಒಡವೆಗಳು ನಜ್ಜಾಗದಿರಲೆಂದು ಅಕ್ಕಸಾಲಿಗರು ಒಳಗೆ ಅರಗು ಕಾಯಿಸಿ ತುಂಬುತ್ತಾರೆ. ಆಚಾರಿಯವರ ಕೈಗೆ ಹಲ್ಲೂ ಒಂದು ಟೊಳ್ಳು ಒಡವೆಯಾಗಿ ಕಂಡಿತ್ತು. ನಾನು ಮಾಡಿದ್ದ ಪ್ಲಾಸ್ಟಿಕ್ ಕ್ಯಾಪನ್ನು ತೆಗೆದು, ಕಾಯಿಸಿದ ಅರಗನ್ನು ಕವಚದೊಳಗೆ ಸುರಿದು, ಬಿಸಿಯಿರುವಾಗಲೇ ಹಲ್ಲಿಗೆ ಒತ್ತಿಕೊಂಡಿದ್ದರು.

"ಸುಡಲಿಲ್ಲವೇ?"

"ಒಸಡಿಗೆ ವಸಿ ತಾಗ್ತು. ಹಲ್ಲಿಗೆ ಏನೂ ಆಗ್ನಿಲ್ಲ. ನೋವೇ ಇಲ್ವಲ್ಲ, ನೀವೇ ಕಿತ್ತಾಕಿದ್ರಲ್ಲ."

ಅದು ಸರಿಯಾದ ಮಾತು. ಭಯ ಹುಟ್ಟಿಸಿದ್ದೂ ಅದೇ ಮಾತು. ನರ ತೆಗೆದ ಹಲ್ಲಿಗೆ ನೋವಿಲ್ಲ, ಆದ್ದರಿಂದ ಎಚ್ಚರಿಕೆ ಕೊಡುವ ಶಕ್ತಿಯೂ ಇಲ್ಲ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಎಂಜಲಿಗೆ ದಾರಿ ಬಿಡುತ್ತದೆ, ಒಳಗೆ ಎಲ್ಲ ಕೊಳೆತರೂ ನಿಮಗೆ ತಿಳಿಯುವುದಿಲ್ಲ, ಇಂದೇ ತೆಗೆಸಿ ಎಂದು ಗೋಗರೆದೆ. ಆಚಾರಿಯವರು ಬಹಳ ಮೃದುವಾಗಿ, "ತಗುದ್ರೆ ಅದ್ರ ಬದ್ಲು ಏನ್ ಆಕ್ತೀರಿ?" ಎಂದು ಕೇಳಿದರು.

ನನ್ನಲ್ಲಿ ಪ್ಲಾಸ್ಟಿಕ್ಕಿನ ಕ್ಯಾಪ್ ಬಿಟ್ಟು ಬೇರೇನೂ ಇರಲಿಲ್ಲ. ಬೋರೇಗೌಡರು ಮುಹೂರ್ತ ಮೀರುತ್ತದೆಂದು ಕೆಮ್ಮಿದರು. ಆಚಾರಿಯವರು ಕೊಳವೆಯನ್ನು ಚಿನ್ನದ ಹಲ್ಲಿನಲ್ಲಿ ಕಚ್ಚಿ, ಕೆನ್ನೆ ಉಬ್ಬಿಸಿ, ಉರಿಯನ್ನು ಸೂಜಿಯ ಮೊನೆಯಂತೆ ಮಾಡಿ ಕೊಂಡಿಯ ಮೇಲೆ ನಿಲ್ಲಿಸಿದರು. ಅದು ಅಲುಗಲಿಲ್ಲ. ನಾನು ಹೊರಟುಬಂದೆ.

ಮತ್ತೆ ಇಂಡೆಂಟ್ ಹಾಕಿದೆ. ಹಲ್ಲು ಉಳಿಸಿದ ಮೇಲೆ ಅದನ್ನು ಕಾಯದಿದ್ದರೆ ಜನ ಅರಗು ಮೆತ್ತಿಕೊಳ್ಳುತ್ತಾರೆ ಎಂದೂ ಸೇರಿಸಿದೆ. ಈ ವಾಕ್ಯ ಕಚೇರಿಯಲ್ಲಿ ಒಂದು ತಮಾಷೆಯಾಗಿ ಓಡಾಡಿತೆಂದು ಆಮೇಲೆ ತಿಳಿಯಿತು.

ಮರುವರ್ಷದ ಮದುವೆಯ ಕಾಲದಲ್ಲಿ ಒಂದು ಬೆಳಿಗ್ಗೆ ಆಚಾರಿಯವರ ಹೆಂಡತಿ ಗೌರಮ್ಮ ಗಂಡನ ರಟ್ಟೆ ಹಿಡಿದುಕೊಂಡೇ ಆಸ್ಪತ್ರೆಗೆ ಬಂದರು. ಆಚಾರಿಯವರು ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಮಾತೆಲ್ಲ ಗೌರಮ್ಮನವರದೇ.

"ನೋಡಿ ಡಾಕ್ಟ್ರಮ್ಮ, ಇವ್ರ ಬುದ್ಧಿವಂತ್ಕೆಯ! ಕಿಕ್ಕೇರಿ ಕಡೆಯೋರು, ಐದಾರ್ ಜನ ದೊಡ್ಡೋರು ಎಲೆ ಅಡ್ಕೆ ಮಡಗ್ಕೊಂಡು ಎದ್ರುಗೇ ಕೂತವ್ರೆ. ಇವ್ರು ಉರಿ ಊದ್ತಾವ್ರೆ. ಊದ್ತಾ ಊದ್ತಾನೇ ಹಲ್ಲು ಲಟಕ್ ಅಂತು. ಕೊಳ್ವೆ ಜಾರ್ತು, ಉರಿ ಎತ್ತ್ಲಾಗೋ ಓಯ್ತು, ತಾಳಿ ಕೊಂಡಿ ನೀರಾಗ್ ಅರುದ್ಬುಡ್ತು. ತಾಳಿ ಕಣವ್ವ! ಮದ್ವೆ ಮುಂಚೆಗೇ ತಾಳಿ ಕರುಗ್ತು ಅಂದ್ರೆ ಯಾರ್ ತಡ್ಕತಾರೆ? ಅವ್ರ ಜೊತೇಲಿದ್ದ ಮುದ್ಕಮ್ಮ ಮೊದ್ಲು ಎದ್ಲು. ಚಿನ್ನ ಬಾಚ್ಕೊಂಡು ಒಂಟೇ ಓದ್ರು." ಆಮೇಲೆ ಗಂಡನತ್ತ ತಿರುಗಿದರು. "ಹಲ್ಲಿಗೆ ಅರಗು ತುಂಬಾಕೆ ಅದೇನ್ ಓಲೆನಾ?"

ಆಚಾರಿಯವರು ವಲ್ಲಿಯನ್ನು ಬಾಯಿಗೆ ಇನ್ನಷ್ಟು ಒತ್ತಿಕೊಂಡರು. ಗೌರಮ್ಮನವರ ಸಿಟ್ಟು ಈಗ ನನ್ನ ಹಿಂದಿದ್ದ ಗಾಜಿನ ಕಪಾಟಿಗೆ ತಿರುಗಿತು. ಅಲ್ಲಿ ಕೀಳುವ ಇಕ್ಕಳಗಳು ಸಾಲಾಗಿ ಹೊಳೆಯುತ್ತಿದ್ದವು. "ಅಲ್ಲ, ಅಷ್ಟೊಂದ್ ಕಬ್ಬುಣ ಮಡಗಿದ್ದೀರಿ. ಹಲ್ಲಿಗಾಕಾಕೆ ಒಂದ್ ಟೋಪಿ ಇರ್ನಿಲ್ವಾ ನಿಮ್ತಾವ?"

ಈ ಪ್ರಶ್ನೆಯನ್ನು ಪರಿಶೀಲನಾ ಸಭೆಯಲ್ಲಿ ಕೇಳಲು ಗೌರಮ್ಮನವರನ್ನು ಕರೆದುಕೊಂಡು ಹೋಗಬೇಕಿತ್ತು.

ಕವಚ ಬೆರಳಿಗೇ ಕಳಚಿ ಬಂತು. ಕೆಟ್ಟ ವಾಸನೆ. ಅರಗಿನ ಕೆಳಗೆ ಹಲ್ಲು ಕರಿಯ ಹಿಟ್ಟಿನಂತಾಗಿತ್ತು. ಬೇರು ಒಸಡಿನ ಒಳಗಡೆ ಉದ್ದಕ್ಕೂ ಸೀಳಿತ್ತು. ಸೀಳಿದ ಬೇರನ್ನು ಯಾವ ಕ್ರೌನೂ ಉಳಿಸಲಾರದು. ನಾನು ಒಮ್ಮೆ ಕೀಳುವುದಿಲ್ಲವೆಂದು ಹಟ ಹಿಡಿದಿದ್ದ ಹಲ್ಲನ್ನು ನಾನೇ, ಸರ್ಕಾರ ಧಾರಾಳವಾಗಿ ಕೊಟ್ಟಿದ್ದ ಇಕ್ಕಳದಿಂದ, ಯಾರ ಅನುಮತಿಯೂ ಬೇಕಿಲ್ಲದೆ ಕಿತ್ತೆ. ಆ ತಿಂಗಳ ಪರಿಶೀಲನೆಯಲ್ಲಿ ಅದು ನನ್ನ ಸಾಧನೆಯೆಂದು ಎಣಿಕೆಗೆ ಬಂತು.

ನೋಡಲು ಸರಿಯಾಗಿರಲೆಂದು ತೆಗೆದು ಹಾಕುವ ಹಲ್ಲಿನ ಪ್ಲೇಟು ಮಾಡಿಸಿಕೊಟ್ಟೆ. ಕೊಳವೆ ಕಚ್ಚಿದರೆ ಅದು ಜಾರಿತು, ತೆಗೆದಿಟ್ಟರೆ ಹಲ್ಲಿಲ್ಲದ ಸಂದಿಯಿಂದ ಗಾಳಿ ಸೋರಿತು. ಇಷ್ಟಾಗಿಯೂ ಕಾಲಕ್ರಮದಲ್ಲಿ ಬೇರೆ ಉಪಾಯ ಕಂಡುಕೊಳ್ಳಬಹುದಿತ್ತೋ ಏನೋ. ಆದರೆ ತಾಳಿ ಕರಗಿದ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹೋಗಿತ್ತು. ಆಚಾರಿಯ ಕೈ ಕೆಟ್ಟಿದೆ ಎಂದರು. ಹಲ್ಲು ಕೆಟ್ಟದ್ದನ್ನು ಕೈಗುಣ ಕೆಟ್ಟಿತೆಂದು ತಿಳಿದು ಹಳೆಯ ಒಕ್ಕಲುಗಳೆಲ್ಲ ತಪ್ಪಿಹೋದದ್ದೂ ಒಂದು ಅನ್ಯಾಯವೇ. ಮೂಢನಂಬಿಕೆಯನ್ನು ಮುಲಾಜಿಲ್ಲದೆ ಅದರ ಹೆಸರಿನಿಂದಲೇ ಕರೆಯಬೇಕು. ಆದರೂ ಆ ಕಿಕ್ಕೇರಿಯ ಅಜ್ಜಿಗಿಂತ ಹೆಚ್ಚು ಓದಿದವರು ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದರು.

ವರ್ಗವಾಗಿ ಹೊರಡುವ ಮೊದಲು ಆಚಾರಿಯವರನ್ನು ಕಂಡೆ. ಮೈಸೂರಿನ ಒಡವೆ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ, ಬೇರೆ ಯಾರೋ ಮಾಡಿದ ತಾಳಿಗಳಿಗೆ ಕರಿಮಣಿ ಪೋಣಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಒಂದು ತಾಳಿಯನ್ನು ತಿರುಗಿಸಿ ಹಿಂಬದಿಯ ಕೊಂಡಿ ತೋರಿಸಿದರು. "ನೋಡಿ, ಬೆಸ್ಗೆ ದಪ್ಪ ಬಿದ್ದದೆ. ಮಿಷೀನ್ದು." ಅಷ್ಟೇ ಹೇಳಿ ಬಾಯಿ ಮುಚ್ಚಿಕೊಂಡರು. ಹಲ್ಲಿಲ್ಲದ ಜಾಗ ಕಾಣದ ಹಾಗೆ ತುಟಿ ಎಳೆದುಕೊಂಡು ಮಾತಾಡುವುದು ಅವರಿಗೆ ಅಭ್ಯಾಸವಾಗಿತ್ತು.

ಅರ್ಧಕ್ಕೆ ಬಿಟ್ಟ ಚಿಕಿತ್ಸೆ ಅರ್ಧದಷ್ಟು ಫಲ ಕೊಡುತ್ತದೆ ಎಂದು ನಾನು ಕೆಲಸಕ್ಕೆ ಸೇರಿದಾಗ ನಂಬಿದ್ದೆ. ಅದು ಏನೂ ಫಲ ಕೊಡುವುದಿಲ್ಲವೆಂದು ಈ ವೃತ್ತಿ ಕಲಿಸಿತು. ನೋವನ್ನು ತೆಗೆದು ರಕ್ಷಣೆಯನ್ನು ಕೊಡದಿರುವುದು ರೋಗಿಯ ಎಚ್ಚರಿಕೆಯ ಗಂಟೆಯನ್ನು ಕಿತ್ತುಕೊಂಡು ಅವನನ್ನು ಹಾಗೆಯೇ ಬೀದಿಗೆ ಬಿಟ್ಟಂತೆ.

ಆದ್ದರಿಂದ ತಾಲ್ಲೂಕು ಆಸ್ಪತ್ರೆಗಳ ಸಾಮಗ್ರಿ ಪಟ್ಟಿಯನ್ನು ಸಿದ್ಧಪಡಿಸುವ ಅಧಿಕಾರಿಗಳೇ, ಆ ಪಟ್ಟಿಗೆ ಸಹಿ ಹಾಕುವವರೇ, ನಿಮ್ಮನ್ನು ಕೇಳುತ್ತಿದ್ದೇನೆ. ಕ್ರೌನಿಗೆ ಅಂಟಿಸಿರುವ 'ಸೌಂದರ್ಯ' ಎಂಬ ಪದವನ್ನು ಹೊಡೆದು ಹಾಕಿ, ಅದನ್ನು 'ಚಿಕಿತ್ಸೆ' ಎಂದು ಪಟ್ಟಿಗೆ ಸೇರಿಸಿ. ಈ ನಾಲ್ಕು ತಾಲ್ಲೂಕುಗಳಿಗೆ ಸೇರಿ ಎರಕ ಹೊಯ್ಯುವ ಒಂದು ಸರ್ಕಾರಿ ಲ್ಯಾಬ್ ತೆರೆಯಿರಿ. ಅದು ತೆರೆಯುವವರೆಗೆ, ರೋಗಿ ತನ್ನ ಹಲ್ಲಿಗೆಂದು ತರುವ ಲೋಹವನ್ನು ರಸೀದಿ ಕೊಟ್ಟು ಪಡೆಯುವ ಕಾನೂನುಬದ್ಧ ದಾರಿ ಮಾಡಿ. ರೂಟ್ ಕೆನಾಲ್ ಆದ ಹಲ್ಲಿಗೆ ಕವಚ ಕೂರುವ ತನಕ 'ಚಿಕಿತ್ಸೆ ಪೂರ್ಣಗೊಂಡಿದೆ' ಎಂದು ಯಾವ ವೈದ್ಯರೂ ಬರೆಯಕೂಡದೆಂದು ಆದೇಶ ಹೊರಡಿಸಿ. ಇಷ್ಟನ್ನು ಮಾಡಿ, ಆ ಆದೇಶದ ಒಂದು ಪ್ರತಿಯನ್ನು ಹೊಸಹೊಳಲಿಗೆ ಹೋಗಿ ಗೌರಮ್ಮನವರ ಮುಂದೆ ನೀವೇ ಓದಿ ಹೇಳಿ.